ಹೊಸ ಜೋಡಿ ಹಿಂದಕ್ಕೆ: ಕರಾವಳಿಯ ಮಳೆಗೆ ಸಣ್ಣ ಕಾರಿನ ಟಯರ್ ಆರಿಸುವುದು, ಹಾಕಿಸುವುದು ಹೇಗೆ

ಮೇ ತಿಂಗಳ ಕೊನೆಗೆ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಆಟಗಳು ಮುಗಿಯುವ ದಿನ, ಬರುತ್ತದೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮನೆಯವರು ಸೌದೆ ಒಳಗೆ ಸೇರಿಸಿ, ಮಾಡಿನ ಒಡೆದ ಹಂಚು ಬದಲಿಸುತ್ತಾರೆ. ಅದೇ ವಾರದಲ್ಲಿ ಕಾರಿನ ನಾಲ್ಕು ಟಯರುಗಳ ಮುಂದೆಯೂ ಕುಕ್ಕರುಗಾಲಲ್ಲಿ ಕೂತು ಒಮ್ಮೆ ನೋಡಬೇಕು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ.

ಕೆಲವು ವರ್ಷಗಳ ಹಿಂದೆ, ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆಯಲ್ಲಿ, ಹೆಬ್ರಿಯಿಂದ ಮಣಿಪಾಲದ ಕಡೆಗೆ ಬರುತ್ತಿದ್ದೆ. ಹಳೆಯ ಸ್ವಿಫ್ಟ್. ಹದಿನೈದು ದಿನಗಳ ಹಿಂದಷ್ಟೇ ಎರಡು ಹೊಸ ಟಯರ್ ಹಾಕಿಸಿದ್ದೆ. ಅಂಗಡಿಯವರು ಎರಡನ್ನೂ ಮುಂದಕ್ಕೆ ಹಾಕಿದ್ದರು. "ಎಂಜಿನ್ ಮುಂದೆ, ಸ್ಟಿಯರಿಂಗ್ ಮುಂದೆ, ಹೊಸದು ಮುಂದೆಯೇ ಇರ್ಬೇಕು ಸರ್" ಅಂದಾಗ ನನಗೂ ಅದೇ ಸರಿಯೆನಿಸಿತ್ತು. ಒಂದು ತಿರುವಿನಲ್ಲಿ ಧರೆಯಿಂದ, ಅಂದರೆ ರಸ್ತೆ ಬದಿಯ ಮಣ್ಣಿನ ದಿಬ್ಬದಿಂದ, ಇಳಿದ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು. ವೇಗ ಅರುವತ್ತರ ಆಸುಪಾಸು. ಮುಂದಿನ ಚಕ್ರಗಳು ಹೇಳಿದ ಮಾತು ಕೇಳಿ ತಿರುಗಿದವು, ಹಿಂದಿನವು ಕೇಳಲಿಲ್ಲ. ಗಾಬರಿಯಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಕಾರು ಬುಗುರಿಯ ಹಾಗೆ ಅರ್ಧ ಸುತ್ತು ತಿರುಗಿ, ಹಿಂಬದಿ ಧರೆಗೆ ತಾಗಿ ನಿಂತಿತು. ಎದುರಿನಿಂದ ಬಸ್ಸು ಬರುತ್ತಿರಲಿಲ್ಲ, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿದ್ದ ಭಾವ ಒಂದು ನಿಮಿಷ ಸುಮ್ಮನಿದ್ದು, "ಎಂತ ಮಾರಾಯ, ವಾಪಸ್ ಹೆಬ್ರಿಗೆ ಹೊರಟದ್ದಾ?" ಅಂದರು.

ಹಿಂದಿನ ಎರಡು ಟಯರು ಆಮೇಲೆ ನೋಡಿದರೆ ಬೋಳಾಗಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಸವೆದಿದ್ದವು, ಅಷ್ಟೆ. ಮುಂದೆ ಹೊಸದು, ಹಿಂದೆ ಸವೆದದ್ದು ಎಂಬ ಆ ಹೊಂದಿಕೆಯೇ ತಪ್ಪು.

ಹೊಸದು ಹಿಂದಕ್ಕೆ ಯಾಕೆ

ಟಯರ್ ತಯಾರಕರು ಬಹುತೇಕ ಎಲ್ಲರೂ ಹೇಳುವುದು ಇದನ್ನೇ: ಎರಡೇ ಟಯರ್ ಬದಲಿಸುವುದಾದರೆ ಹೊಸ ಜೋಡಿ ಹಿಂದಿನ ಆಕ್ಸಲಿಗೆ ಹೋಗಬೇಕು. ಎಂಜಿನ್ ಮುಂದಿನ ಚಕ್ರಗಳನ್ನೇ ಓಡಿಸುವ ಕಾರಾದರೂ ಅಷ್ಟೆ. ಕೇಳಲು ವಿಚಿತ್ರ, ಯಾಕೆಂದರೆ ಬೇಗ ಸವೆಯುವುದು ಮುಂದಿನದು. ಆಲ್ಟೊ, ವ್ಯಾಗನ್‌ಆರ್, ಸ್ವಿಫ್ಟ್, ಐ10, ಟಿಯಾಗೊ, ಎಲ್ಲದರಲ್ಲೂ ಎಂಜಿನ್ನಿನ ಭಾರ, ತಿರುಗಿಸುವ ಕೆಲಸ, ಎಳೆಯುವ ಕೆಲಸ, ಬ್ರೇಕಿನ ದೊಡ್ಡ ಪಾಲು ಮುಂದಿನ ಎರಡು ಟಯರುಗಳ ಮೇಲೆಯೇ. ಆದ್ದರಿಂದ ಸವೆದ ಜಾಗಕ್ಕೆ ಹೊಸದು ಹಾಕುವುದು ಅಂಗಡಿಯವನಿಗೂ ನಮಗೂ ಸಹಜವಾಗಿ ತೋರುತ್ತದೆ.

ಈಗ ನೀರಿನ ಮೇಲೆ ಯೋಚಿಸಿ. ಮುಂದಿನ ಟಯರ್ ಹಿಡಿತ ತಪ್ಪಿದರೆ ಏನಾಗುತ್ತದೆ? ಸ್ಟಿಯರಿಂಗ್ ಹಗುರವಾಗುತ್ತದೆ, ಕಾರು ತಿರುಗದೆ ನೆಟ್ಟಗೆ ಜಾರುತ್ತದೆ. ಹೆದರಿದ ಮನುಷ್ಯ ತಾನಾಗಿಯೇ ಆಕ್ಸಿಲರೇಟರ್ ಬಿಡುತ್ತಾನೆ. ಬಿಟ್ಟ ಕೂಡಲೇ ಕಾರಿನ ಭಾರ ಮುಂದಕ್ಕೆ ವಾಲಿ ಮುಂದಿನ ಟಯರನ್ನು ರಸ್ತೆಗೆ ಒತ್ತುತ್ತದೆ, ವೇಗ ಇಳಿಯುತ್ತದೆ, ಹಿಡಿತ ಮರಳುವ ಸಾಧ್ಯತೆ ಉಂಟು. ನಮ್ಮ ಹೆದರಿಕೆಯೇ ಇಲ್ಲಿ ಮದ್ದಾಗುತ್ತದೆ.

ಹಿಂದಿನ ಟಯರ್ ತಪ್ಪಿದಾಗ ಅದೇ ಹೆದರಿಕೆ ವಿಷ. ಕಾಲು ತೆಗೆದರೆ ಭಾರ ಮುಂದಕ್ಕೆ ಹೋಗಿ, ಮೊದಲೇ ಹಗುರವಿದ್ದ ಹಿಂಬದಿ ಇನ್ನೂ ಹಗುರವಾಗುತ್ತದೆ. ಬಾಲ ಹೊರಕ್ಕೆ ಬೀಸುತ್ತದೆ, ಕಾರು ಸುತ್ತುತ್ತದೆ. ಸ್ಟಿಯರಿಂಗನ್ನು ಬಾಲ ಹೋದ ಕಡೆಗೇ ತಿರುಗಿಸಿ ಹಿಡಿಯಬೇಕು ಎಂದು ಪುಸ್ತಕ ಹೇಳುತ್ತದೆ. ಅರೆ ಸೆಕೆಂಡಿನಲ್ಲಿ ಅದನ್ನು ಮಾಡುವವರು ರ್‍ಯಾಲಿ ಓಡಿಸುವವರು. ನೀವು ನಾನು ಅಲ್ಲ.

"ಎಬಿಎಸ್ ಉಂಟಲ್ಲ?" ಎಂದು ಕೇಳುವವರಿದ್ದಾರೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಆದರೆ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದ ಹಾಗೆ ನೋಡುವುದಷ್ಟೇ ಅದರ ಕೆಲಸ. ತಿರುವಿನಲ್ಲಿ ಬಾಲ ಬೀಸುವುದನ್ನು ತಡೆಯುವುದು ಇಎಸ್‌ಸಿ ಅಥವಾ ಇಎಸ್‌ಪಿ ಎಂಬ ಬೇರೆಯೇ ವ್ಯವಸ್ಥೆ. ಹಳೆಯ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಇದ್ದರೂ ಅದು ಕೆಲಸ ಮಾಡಬೇಕಾದದ್ದು ಟಯರಿನ ಮೂಲಕವೇ.

ಇನ್ನೊಂದು ವಾದ: ಮುಂದಿನ ಟಯರ್ ನೀರು ಸರಿಸಿಕೊಂಡು ಹೋಗುತ್ತದೆ, ಹಿಂದಿನದಕ್ಕೆ ದಾರಿ ಸಿಗುತ್ತದೆ. ನೇರ ರಸ್ತೆಯಲ್ಲಿ ಇದು ಒಂದು ಮಟ್ಟಿಗೆ ನಿಜ. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ಸ್ವಲ್ಪ ಒಳಗಿನಿಂದ ಬರುತ್ತದೆ. ಅಲ್ಲಿ ನೀರು ಹಾಗೆಯೇ ನಿಂತಿರುತ್ತದೆ. ಆಗುಂಬೆಯ ಹದಿನಾಲ್ಕು ತಿರುವು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೀರಿನ ಲೆಕ್ಕ ಕೈಯಲ್ಲೇ ಮಾಡಬಹುದು. ಟಯರಿನ ಅಗಲ 165 ಮಿಲಿಮೀಟರ್, ರಸ್ತೆಯ ಮೇಲೆ 3 ಮಿಲಿಮೀಟರ್ ನೀರು, ವೇಗ ಗಂಟೆಗೆ 80 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಒಂದು ಸೆಕೆಂಡಿನಲ್ಲಿ ಒಂದು ಟಯರ್ ಸುಮಾರು 11 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು, ಹೆಚ್ಚುಕಡಿಮೆ ಒಂದು ಕೊಡಪಾನ. ಆ ನೀರು ಹೋಗುವ ಚರಂಡಿಯೆಂದರೆ ಟಯರಿನ ಮೈಮೇಲಿನ ರಬ್ಬರ್ ಉಬ್ಬುಗಳಾದ ಬಟನ್‌ಗಳ ನಡುವಿನ ಸಂದು. ಹೊಸ ಟಯರಿನಲ್ಲಿ ಅದರ ಆಳ 7ರಿಂದ 8 ಮಿಲಿಮೀಟರ್. ಎರಡಕ್ಕೆ ಇಳಿದಾಗ ಚರಂಡಿ ಮುಚ್ಚಿದ ಹಾಗೆ. ನೀರು ಟಯರಿನ ಕೆಳಗೇ ಉಳಿಯುತ್ತದೆ, ಟಯರು ಅದರ ಮೇಲೆ ತೇಲುತ್ತದೆ.

ಮೊದಲು ಈಗಿರುವ ಟಯರನ್ನು ಓದಿ

ಅಂಗಡಿಗೆ ಹೋಗುವ ಮೊದಲು ಮನೆಯ ಅಂಗಳದಲ್ಲಿ ಅರ್ಧ ಗಂಟೆ ಸಾಕು. ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿಟ್ಟರೆ ಮುಂದಿನ ಟಯರಿನ ಮೈ ಚೆನ್ನಾಗಿ ಕಾಣುತ್ತದೆ.

ಬಟನ್‌ಗಳ ನಡುವಿನ ಸಂದಿನ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ. ಟಯರಿನ ಬದಿಯಲ್ಲಿ ಪುಟ್ಟ ತ್ರಿಕೋನ ಅಥವಾ 'ಟಿಡಬ್ಲ್ಯುಐ' ಎಂಬ ಅಕ್ಷರ ಇರುವ ಜಾಗದ ನೇರಕ್ಕೆ ಹುಡುಕಿ. ಆ ದಿಬ್ಬದ ಎತ್ತರ 1.6 ಮಿಲಿಮೀಟರ್. ಬಟನ್ ಅದರ ಮಟ್ಟಕ್ಕೆ ಸವೆದರೆ ಕಾನೂನಿನ ಪ್ರಕಾರವೂ ಟಯರಿನ ಆಯುಷ್ಯ ಮುಗಿಯಿತು. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮೂರಿನಲ್ಲಿ 1.6ರ ತನಕ ಕಾಯುವುದು ಹುಚ್ಚುತನ. ಮೇ ತಿಂಗಳಲ್ಲಿ ಆಳ 3 ಮಿಲಿಮೀಟರಿಗೆ ಬಂದಿದ್ದರೆ ಆ ಟಯರ್ ಮಳೆಗಾಲ ದಾಟುವುದಿಲ್ಲ ಎಂದೇ ನಾನು ತೀರ್ಮಾನಿಸುತ್ತೇನೆ. ಆಳ ಅಳೆಯುವ ಸಣ್ಣ ಗೇಜ್ ಒಂದು ಊಟದ ಖರ್ಚಿಗೆ ಸಿಗುತ್ತದೆ, ಒಂದು ತೆಗೆದಿಡಿ.

ಒಂದೇ ಕಡೆ ಅಳೆದು ಬಿಡಬೇಡಿ. ಒಳ ಅಂಚು, ನಡು, ಹೊರ ಅಂಚು, ಮೂರೂ ಕಡೆ ನೋಡಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಬೋಳಾಗಿದ್ದರೆ ಚಕ್ರಗಳ ನೇರ ಕೂರಿಕೆ, ಅಂದರೆ ಅಲೈನ್‌ಮೆಂಟ್ ಹೋಗಿದೆ. ಒಳ ಅಂಚು ಕಣ್ಣಿಗೆ ಬೀಳುವುದೇ ಇಲ್ಲ, ಅಲ್ಲೇ ಮೋಸ ಹೋಗುವುದು. ಕೈಯಾಡಿಸಿದಾಗ ಗರಗಸದ ಹಲ್ಲಿನ ಹಾಗೆ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಚೂಪು ಸಿಕ್ಕಿದರೂ ಅಲೈನ್‌ಮೆಂಟೇ. ಅಲ್ಲಲ್ಲಿ ಬೋಗುಣಿಯ ಹಾಗೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಿ. ಈ ಕಾರಣಗಳನ್ನು ಸರಿ ಮಾಡದೆ ಹೊಸ ಟಯರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಬದಿಯ ಗೋಡೆಯಲ್ಲಿ ಗುಳ್ಳೆ ಎದ್ದಿದ್ದರೆ ಆಳ ಎಷ್ಟೇ ಇರಲಿ, ಆ ಟಯರ್ ಇಂದೇ ತೆಗೆಯಬೇಕು. ಹೊಂಡಕ್ಕೆ ಬಿದ್ದಾಗ ಒಳಗಿನ ದಾರಗಳು ಕಡಿದ ಗುರುತು ಅದು. ಬದಿಗೋಡೆಯ ತೂತಿಗೆ ಪಂಚರ್ ಹಾಕುವುದೂ ಬೇಡ.

ಕೊನೆಯದಾಗಿ ವಯಸ್ಸು. ಬದಿಯಲ್ಲಿ 'ಡಿಒಟಿ' ಎಂದು ಆರಂಭವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3524 ಎಂದಿದ್ದರೆ 2024ನೇ ಇಸವಿಯ 35ನೇ ವಾರ. ಕೆಲವು ಟಯರುಗಳಲ್ಲಿ ಈ ಅಂಕಿ ಒಂದೇ ಬದಿಯಲ್ಲಿದ್ದು, ಅದು ಕಾರಿನ ಅಡಿಯ ಕಡೆಗೆ ತಿರುಗಿರುತ್ತದೆ. ಆರು ವರ್ಷ ದಾಟಿದ ಟಯರನ್ನು ಪ್ರತಿ ವರ್ಷ ತಿಳಿದವರಿಗೆ ತೋರಿಸಿ. ಹತ್ತು ವರ್ಷ ದಾಟಿದ್ದನ್ನು ಬಟನ್ ಎಷ್ಟಿದ್ದರೂ ಇಟ್ಟುಕೊಳ್ಳಬೇಡಿ. ದೇವಸ್ಥಾನಕ್ಕೂ ಮದುವೆಗೂ ಮಾತ್ರ ಹೊರಡುವ ಕಾರುಗಳಲ್ಲಿ ಟಯರ್ ಸವೆಯುವ ಮೊದಲೇ ರಬ್ಬರ್ ಒಣಗಿ ಸೀಳುಬಿಡುತ್ತದೆ. ಮಳೆಯಲ್ಲಿ ಗಟ್ಟಿಯಾದ ರಬ್ಬರ್ ಹಿಡಿಯುವುದಿಲ್ಲ.

ಸ್ಟೆಪ್ನಿಯನ್ನೂ ಇದೇ ಕಣ್ಣಿನಲ್ಲಿ ನೋಡಿ. ಡಿಕ್ಕಿಯಲ್ಲಿ ಮಲಗಿ ಮಲಗಿ ಅದಕ್ಕೂ ವಯಸ್ಸಾಗಿರುತ್ತದೆ.

ಎರಡೋ ನಾಲ್ಕೋ

ನಾಲ್ಕೂ ಒಟ್ಟಿಗೆ ಸವೆದಿದ್ದರೆ ನಾಲ್ಕೂ ಬದಲಿಸಿ, ತಲೆಬಿಸಿ ಇಲ್ಲ. ಹೆಚ್ಚಿನವರ ಸ್ಥಿತಿ ಹೀಗಿರುತ್ತದೆ: ಮುಂದಿನ ಎರಡು 2 ಮಿಲಿಮೀಟರ್, ಹಿಂದಿನ ಎರಡು ನಾಲ್ಕೂವರೆ. ಆಗ ಎರಡು ಸಾಕು. ಹೊಸದೆರಡು ಹಿಂದಕ್ಕೆ, ಹಿಂದಿದ್ದ ನಾಲ್ಕೂವರೆಯದ್ದು ಮುಂದಕ್ಕೆ, 2 ಮಿಲಿಮೀಟರಿನದ್ದು ಗುಜರಿಗೆ. ಮುಂದಿನ ಬಾರಿಯೂ ಇದೇ. ಪ್ರತಿ ಜೋಡಿ ಮೊದಲು ಹಿಂದೆ ಕೆಲಸ ಮಾಡಿ ಆಮೇಲೆ ಮುಂದೆ ಬಂದು ಸವೆದು ಮುಗಿಯುತ್ತದೆ. ಯಾವ ಟಯರೂ ಹಿಂದಿನ ಆಕ್ಸಲಿನಲ್ಲಿ ಹತ್ತು ವರ್ಷ ಕೂತು ಒಣಗುವುದಿಲ್ಲ. ಹೊಸದನ್ನು ಮುಂದೆಯೇ ಹಾಕುತ್ತಾ ಹೋದರೆ ಆಗುವುದು ಅದೇ: ಹಿಂದಿನ ಜೋಡಿ ಕಾರಿನೊಂದಿಗೆ ಬಂದದ್ದು, ಕಾರಿನಷ್ಟೇ ಹಳತು.

ಟಯರ್ ರೊಟೇಶನ್ ಮಾಡಿಸುವವರಿಗೆ ಇಲ್ಲಿ ಸಂಶಯ ಬರಬಹುದು. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದನ್ನು ನೇರ ಹಿಂದಕ್ಕೆ, ಹಿಂದಿನದನ್ನು ಅಡ್ಡ ದಾಟಿಸಿ ಮುಂದಕ್ಕೆ ಹಾಕುತ್ತಾ ಬಂದರೆ ನಾಲ್ಕೂ ಸಮ ಸವೆಯುತ್ತವೆ, ಒಟ್ಟಿಗೆ ಮುಗಿಯುತ್ತವೆ, ನಾಲ್ಕಕ್ಕೂ ಒಂದೇ ದಿನ ದುಡ್ಡು ಬೇಕಾಗುತ್ತದೆ. ಅದು ಒಂದು ಪದ್ಧತಿ. ಎರಡೆರಡಾಗಿ ಕೊಳ್ಳುವುದು ಇನ್ನೊಂದು. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಎರಡನ್ನೂ ಬೆರೆಸಬೇಡಿ. ಮುಂದಿನದಕ್ಕೂ ಹಿಂದಿನದಕ್ಕೂ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಬಂದ ಮೇಲೆ ರೊಟೇಶನ್ ಮಾಡಿಸಿದರೆ ಸವೆದದ್ದು ಹಿಂದಕ್ಕೆ ಹೋಗುತ್ತದೆ, ನನ್ನ ಹೆಬ್ರಿ ರಸ್ತೆಯ ಕತೆ ಮತ್ತೆ ಶುರುವಾಗುತ್ತದೆ.

ಒಂದೇ ಒಂದು ಟಯರ್ ಹೊಂಡಕ್ಕೆ ಬಿದ್ದು ಹರಿದರೆ? ಮೊದಲು ಸ್ಟೆಪ್ನಿ ನೋಡಿ. ಅದೇ ಅಳತೆ, ಅದೇ ಕಂಪೆನಿ, ವಯಸ್ಸೂ ಹೆಚ್ಚಿಲ್ಲ ಎಂದಾದರೆ ಅದನ್ನೇ ಇಳಿಸಬಹುದು. ಇಲ್ಲವಾದರೆ ಒಂದು ಹೊಸದು ಕೊಂಡು, ಉಳಿದ ಮೂರರಲ್ಲಿ ಹೆಚ್ಚು ಆಳವಿರುವುದರ ಜತೆ ಹಿಂದೆ ಹಾಕಿ. ಒಂದೇ ಆಕ್ಸಲಿನಲ್ಲಿ ಎಡಕ್ಕೊಂದು ಕಂಪೆನಿ, ಬಲಕ್ಕೊಂದು ಕಂಪೆನಿ ಬೇಡ. ಅಲಾಯ್ ಚಕ್ರ ಇರುವ ಕೆಲವು ಕಾರುಗಳಲ್ಲಿ ಸ್ಟೆಪ್ನಿ ಸಣ್ಣ ಅಳತೆಯದ್ದಿರುತ್ತದೆ, ಗಂಟೆಗೆ 80 ಕಿಲೋಮೀಟರ್ ಮೀರಬೇಡಿ ಎಂದು ಅದರ ಮೇಲೆಯೇ ಬರೆದಿರುತ್ತದೆ. ಅದು ಪಂಚರ್ ಅಂಗಡಿ ತಲುಪುವುದಕ್ಕೆ ಮಾತ್ರ.

ಅಳತೆಯ ಅಂಕಿಗಳು

ಸ್ವಿಫ್ಟಿನ ಟಯರಿನ ಬದಿಯಲ್ಲಿ 165/80 ಆರ್14 ಎಂದು ಬರೆದಿತ್ತು ಎನ್ನಿ. ಅಗಲ 165 ಮಿಲಿಮೀಟರ್. ಬದಿಗೋಡೆಯ ಎತ್ತರ ಆ ಅಗಲದ ಶೇ 80, ಅಂದರೆ 132 ಮಿಲಿಮೀಟರ್. ಆರ್ ಎಂದರೆ ರೇಡಿಯಲ್. 14 ಇಂಚು ಡಿಸ್ಕಿನ, ಅಂದರೆ ಟಯರ್ ಕೂರುವ ಲೋಹದ ಚಕ್ರದ, ಅಳತೆ. ಒಟ್ಟು ವ್ಯಾಸ ಸುಮಾರು 620 ಮಿಲಿಮೀಟರ್. ಅದೇ ಕಾರಿನ ಮೇಲಿನ ಮಾದರಿಗೆ ಬರುವ 185/65 ಆರ್15 ಲೆಕ್ಕ ಹಾಕಿ ನೋಡಿ, 621 ಚಿಲ್ಲರೆ. ಕಂಪೆನಿಯವರು ಅಗಲ ಹೆಚ್ಚಿಸಿ ಗೋಡೆ ತಗ್ಗಿಸಿದರೂ ಒಟ್ಟು ವ್ಯಾಸವನ್ನು ಕೆಡಿಸಿಲ್ಲ. ವ್ಯಾಸ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ.

ಆಮೇಲೆ 85ಟಿ, 88ಎಚ್ ಎಂಬಂಥ ಅಂಕಿ ಅಕ್ಷರ. 85 ಎಂದರೆ ಒಂದು ಟಯರ್ 515 ಕೆಜಿ ಹೊರಬಲ್ಲದು, 88 ಎಂದರೆ 560 ಕೆಜಿ. ಟಿ ಎಂದರೆ 190 ಕಿಲೋಮೀಟರ್ ವೇಗ, ಎಚ್ ಎಂದರೆ 210. ಕಾರಿಗೆ ಕಂಪೆನಿ ಕೊಟ್ಟದ್ದಕ್ಕಿಂತ ಈ ಅಂಕಿ ಕಡಿಮೆಯಾಗಬಾರದು. ಹೆಚ್ಚಾದರೆ ತೊಂದರೆ ಇಲ್ಲ.

"ಸ್ವಲ್ಪ ಅಗಲದ್ದು ಹಾಕಿ ಸರ್, ರೋಡ್ ಗ್ರಿಪ್ ಬರ್ತದೆ" ಎನ್ನುವ ಸಲಹೆ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಒಣ ರಸ್ತೆಯಲ್ಲಿ ಮಾತು ಸುಳ್ಳಲ್ಲ. ನಿಂತ ನೀರಿನಲ್ಲಿ ಅಗಲ ಟಯರ್ ಹೆಚ್ಚು ನೀರು ತಳ್ಳಬೇಕು, ಅಂದರೆ ಬೇಗ ತೇಲುತ್ತದೆ. ಸ್ಟಿಯರಿಂಗ್ ಭಾರ, ಮೈಲೇಜ್ ಕಡಿಮೆ. ಗೋಡೆ ತಗ್ಗಿದ ಟಯರ್ ಹೊಂಡದಲ್ಲಿ ಬೇಗ ಹರಿಯುತ್ತದೆ, ಡಿಸ್ಕೂ ಬಾಗುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಕೊಟ್ಟಾರ ಚೌಕಿಯ ನೀರು ದಾಟಿ, ಹೊಂಡ ಎಲ್ಲಿದೆಯೆಂದು ಕಾಣದೆ ಓಡಿಸುವವರು ಕಂಪೆನಿ ಕೊಟ್ಟ ಅಳತೆಗೇ ಅಂಟಿಕೊಳ್ಳುವುದು ಲೇಸು. ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಆ ಅಳತೆ ಇರುತ್ತದೆ.

ಯಾವ ಟಯರ್

ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬ್ರಿಜ್‌ಸ್ಟೋನ್, ಮಿಶೆಲಿನ್, ಯೊಕೊಹಾಮಾ ಎಂದು ಹೆಸರಿಗೆ ಕೊರತೆಯಿಲ್ಲ. ಕಂಪೆನಿಯ ಹೆಸರಿಗಿಂತ ಅದರೊಳಗಿನ ಮಾದರಿ ಮುಖ್ಯ. ಒಂದೇ ಕಂಪೆನಿ ಟ್ಯಾಕ್ಸಿಯವರಿಗೆಂದು ಹೆಚ್ಚು ಬಾಳುವ ಟಯರ್ ಮಾಡುತ್ತದೆ, ಮನೆ ಕಾರಿಗೆಂದು ಮೆತ್ತಗಿನದ್ದನ್ನೂ ಮಾಡುತ್ತದೆ. ಬಾಳಿಕೆಗಾಗಿ ರಬ್ಬರ್ ಗಟ್ಟಿ ಮಾಡಿದಷ್ಟೂ ಒದ್ದೆ ರಸ್ತೆಯ ಹಿಡಿತ ಕಡಿಮೆಯಾಗುವುದು ಸಾಮಾನ್ಯ. ಆದ್ದರಿಂದ "ಎಷ್ಟು ಕಿಲೋಮೀಟರ್ ಬರ್ತದೆ?" ಎಂದು ಮೊದಲು ಕೇಳಬೇಡಿ. "ಮಳೆಯಲ್ಲಿ ಹೇಗೆ?" ಎಂದು ಕೇಳಿ. ಅಂಗಡಿಯವರ ಉತ್ತರಕ್ಕಿಂತ ಅದೇ ಟಯರಿನಲ್ಲಿ ಒಂದು ಮಳೆಗಾಲ ಓಡಿಸಿದ ನೆರೆಯವರ ಉತ್ತರಕ್ಕೆ ಬೆಲೆ ಹೆಚ್ಚು.

ಕೆಲವು ಟಯರುಗಳ ಬದಿಯಲ್ಲಿ ಟ್ರೆಡ್‌ವೇರ್ 300, ಟ್ರಾಕ್ಷನ್ ಎ ಎಂದು ಅಚ್ಚಾಗಿರುತ್ತದೆ. ಟ್ರಾಕ್ಷನ್ ಅಕ್ಷರ ಒದ್ದೆ ರಸ್ತೆಯಲ್ಲಿ ನೇರ ಬ್ರೇಕ್ ಹಿಡಿಯುವ ಶಕ್ತಿಯದ್ದು, ಎಎ ಎಲ್ಲಕ್ಕಿಂತ ಮೇಲೆ, ಸಿ ಎಲ್ಲಕ್ಕಿಂತ ಕೆಳಗೆ. ಟ್ರೆಡ್‌ವೇರ್ ಅಂಕಿ ಬಾಳಿಕೆಯದ್ದು, ಅದನ್ನು ಒಂದೇ ಕಂಪೆನಿಯ ಎರಡು ಟಯರ್ ಹೋಲಿಸುವುದಕ್ಕೆ ಮಾತ್ರ ಬಳಸಿ. ಐಎಸ್‌ಐ ಗುರುತು ಇರಲೇಬೇಕು. ಕಾರಿನ ಟಯರಿಗೆ ಅದರ ಜತೆಗಿನ ಸಂಖ್ಯೆ ಐಎಸ್ 15633. ಒದ್ದೆ ರಸ್ತೆಯ ಹಿಡಿತಕ್ಕೂ ನಮ್ಮಲ್ಲಿ ಈಗ ಕನಿಷ್ಠ ಮಟ್ಟವಿದೆ. 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮ ಹೊಸ ವಿನ್ಯಾಸದ ಟಯರುಗಳಿಗೆ ಅದೇ ಅಕ್ಟೋಬರಿನಿಂದ, ಹಳೆಯ ವಿನ್ಯಾಸಗಳಿಗೆ 2023ರ ಏಪ್ರಿಲ್‌ನಿಂದ ಜಾರಿಗೆ ಬಂತು. ಹಳೆಯ ದಾಸ್ತಾನನ್ನು ರಿಯಾಯಿತಿಗೆ ಕೊಡುತ್ತೇವೆ ಎಂದಾಗ ತಯಾರಾದ ವಾರ ನೋಡುವುದಕ್ಕೆ ಇದೂ ಒಂದು ಕಾರಣ.

ನಾನು ಆರು ತಿಂಗಳಿಗಿಂತ ಹಳೆಯದನ್ನು ಒಪ್ಪುವುದಿಲ್ಲ. ಗೋದಾಮಿನಲ್ಲಿ ಚೆನ್ನಾಗಿಟ್ಟದ್ದು ವರ್ಷದ್ದಾದರೂ ನಡೆಯುತ್ತದೆ, ಆದರೆ ಆಗ ಬೆಲೆಯಲ್ಲಿ ಇಳಿಸಿ ಕೇಳುವ ಹಕ್ಕು ನಮ್ಮದು. ಎರಡೂ ಟಯರಿನ ಅಂಕಿ ಬೇರೆ ಬೇರೆ ಓದಿ, ಡಿಸ್ಕಿಗೆ ಏರಿಸುವ ಮೊದಲೇ ಓದಿ.

ಸವೆದ ಟಯರಿಗೆ ಹೊಸ ರಬ್ಬರ್ ಅಂಟಿಸಿದ ರೀಸೋಲ್ ಟಯರ್ ಲಾರಿ, ಬಸ್ಸಿಗೆ ಸರಿ, ಮನೆಯ ಕಾರಿಗೆ ಬೇಡ. ಸೆಕೆಂಡ್ ಹ್ಯಾಂಡ್ ಟಯರ್ ಹೊಂಡದ ಪೆಟ್ಟು ತಿಂದಿದೆಯೇ ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಬೆಲೆಯ ಬಗ್ಗೆ ಒಂದೇ ಮಾತು. 2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಬೇಕು. ಟಯರಿನ ಸೀರಿಯಲ್ ನಂಬರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುತ್ತದೆ.

ಅಂಗಡಿಯಲ್ಲಿ ನಿಂತು ಮಾಡಿಸುವುದು

ಬೆಳಿಗ್ಗೆ ಹೋಗಿ. ಸಂಜೆಯ ಹೊತ್ತಿಗೆ ಸಾಲು ಇರುತ್ತದೆ, ಕೆಲಸ ಅವಸರದ್ದಾಗುತ್ತದೆ. ಕಾರನ್ನು ಎತ್ತುವ ಮೊದಲೇ ಹೇಳಿಬಿಡಿ: "ಅಣ್ಣ, ಹೊಸದೆರಡು ಹಿಂದಕ್ಕೆ, ಹಿಂದಿನದ್ದು ಮುಂದಕ್ಕೆ." ನಗುತ್ತಾರೆ, ವಾದ ಮಾಡುತ್ತಾರೆ, ಮಾಡಲಿ. ಕೆಲಸ ಹೆಚ್ಚಾಗುತ್ತದೆ ಎಂಬ ನೆಪ ನಿಲ್ಲುವುದಿಲ್ಲ. ಮುಂದಿನ ಸವೆದ ಟಯರನ್ನು ಡಿಸ್ಕಿನಿಂದ ಬಿಚ್ಚಿ, ಅದೇ ಡಿಸ್ಕಿಗೆ ಹೊಸದನ್ನು ಏರಿಸಿ, ಆ ಚಕ್ರವನ್ನು ಹಿಂದೆ ಹಾಕಿದರೆ ಆಯಿತು. ಹಿಂದಿನ ಚಕ್ರ ಡಿಸ್ಕ್ ಸಮೇತ ಮುಂದಕ್ಕೆ ಬರುತ್ತದೆ. ಹೆಚ್ಚುವರಿಯಾಗಿ ಬಿಚ್ಚಬೇಕಾದದ್ದು ಹಿಂದಿನ ನಟ್ಟುಗಳನ್ನು ಮಾತ್ರ.

ಟಯರ್ ಬಿಚ್ಚಿದಾಗ ಡಿಸ್ಕಿನ ಅಂಚು ನೋಡಿ. ಕಡಲ ಗಾಳಿಯ ಉಪ್ಪಿಗೆ ನಮ್ಮ ಕಡೆಯ ಕಬ್ಬಿಣದ ಡಿಸ್ಕುಗಳು ಅಂಚಿನಲ್ಲಿ ತುಕ್ಕು ಹಿಡಿದು ಪದರ ಏಳುತ್ತವೆ. ಟಯರ್ ಅಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಪಂಚರ್ ಇಲ್ಲದೆಯೂ ವಾರಕ್ಕೆ ಐದು ಪಾಯಿಂಟ್ ಗಾಳಿ ಇಳಿಯುತ್ತದೆ. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಮನೆಯಿದ್ದವರಿಗೆ ಈ ಕಾಟ ಗೊತ್ತಿರುತ್ತದೆ. ತಂತಿ ಬ್ರಶ್ಶಿನಿಂದ ತಿಕ್ಕಿಸಿ, ಅಂಚಿಗೆ ಸೀಲರ್ ಹಚ್ಚಿಸಿ. ರಬ್ಬರ್ ವಾಲ್ವನ್ನೂ ಅದೇ ಹೊತ್ತಿಗೆ ಬದಲಿಸಿ. ಅದಕ್ಕೆ ತಗಲುವುದು ಚಿಲ್ಲರೆ ದುಡ್ಡು, ಈಗ ಬಿಟ್ಟರೆ ಆಮೇಲೆ ಅದೊಂದಕ್ಕಾಗಿ ಟಯರ್ ಮತ್ತೆ ಬಿಚ್ಚಿಸಬೇಕಾಗುತ್ತದೆ.

ಟಯರಿನ ಮೇಲೆ ಬಾಣದ ಗುರುತಿದ್ದರೆ ಮುಂದಕ್ಕೆ ಉರುಳುವಾಗ ಅದೇ ದಿಕ್ಕಿಗೆ ತಿರುಗಬೇಕು. ಅಂಥ ಟಯರನ್ನು ಎಡದಿಂದ ಬಲಕ್ಕೆ ದಾಟಿಸುವ ಹಾಗಿಲ್ಲ. 'ಔಟ್‌ಸೈಡ್' ಎಂದು ಬರೆದ ಬದಿ ಹೊರಕ್ಕೇ ಬರಬೇಕು. ಸಣ್ಣ ಕಾರಿನ ಟಯರುಗಳಲ್ಲಿ ಬಾಣ ಅಪರೂಪ, ಆದರೂ ಒಮ್ಮೆ ಕಣ್ಣು ಹಾಯಿಸಿ.

ಚಕ್ರದ ತೂಕ ಸುತ್ತಲೂ ಸಮ ಮಾಡುವ ಬ್ಯಾಲೆನ್ಸಿಂಗ್ ನಾಲ್ಕೂ ಚಕ್ರಕ್ಕೆ ಮಾಡಿಸಿ. ಹಿಂದೆ ಇದ್ದಾಗ ಗೊತ್ತಾಗದ ಅದುರು ಮುಂದಕ್ಕೆ ಬಂದ ಮೇಲೆ ಸ್ಟಿಯರಿಂಗಿನಲ್ಲಿ ಎಂಬತ್ತರ ವೇಗಕ್ಕೆ ಕೈಗೆ ತಾಗುತ್ತದೆ. ಅಲೈನ್‌ಮೆಂಟ್ ಮಾಡಿಸಿದಾಗ ಮೊದಲಿನ ಮತ್ತು ಆಮೇಲಿನ ಅಳತೆಯ ಪ್ರಿಂಟ್ ಕೇಳಿ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಸರಿ ಮಾಡಲು ಬರುವುದು ಮುಂದಿನ ಚಕ್ರಗಳ ಟೋ, ಅಂದರೆ ಅವು ಒಳಕ್ಕೋ ಹೊರಕ್ಕೋ ಮುಖ ಮಾಡಿದ ಕೋನ, ಮಾತ್ರ. ಹಿಂದಿನದು ಒಂದೇ ಬೀಮು, ತಿರುಗಿಸಲು ನಟ್ಟೇ ಇರುವುದಿಲ್ಲ. "ಕ್ಯಾಂಬರ್ ಸರಿ ಮಾಡ್ತೇವೆ" ಎಂದು ಚಕ್ರದ ವಾಲಿಕೆ ಬದಲಿಸಲು ಬಾಗಿಸಹೊರಟರೆ, ಕಾರಿಗೆ ಈ ಮೊದಲು ಪೆಟ್ಟು ಬಿದ್ದಿರದಿದ್ದರೆ, ಬೇಡವೆನ್ನಿ.

ನೈಟ್ರೋಜನ್ ಹಾಕಿಸಬೇಕೇ? ಸಾದಾ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಪುಕ್ಕಟೆ ಕೊಟ್ಟರೆ ಹಾಕಿಸಿಕೊಳ್ಳಿ.

ನಟ್ಟು ಬಿಗಿಯುವಾಗ ಹತ್ತಿರ ನಿಲ್ಲಿ. ಗಾಳಿ ಗನ್ನಿನಲ್ಲಿ ಟಕಟಕನೆ ಬಿಗಿದುಬಿಟ್ಟರೆ ನಡುರಾತ್ರಿ ಶಿರಾಡಿ ಘಾಟಿಯಲ್ಲಿ ಪಂಚರ್ ಆದಾಗ ಕಾರಿನ ಸಣ್ಣ ಸ್ಪ್ಯಾನರಿಗೆ ಅವು ಜಗ್ಗುವುದಿಲ್ಲ. ಮೊದಲು ಕೈಯಲ್ಲಿ ಎರಡು ಮೂರು ಸುತ್ತು, ಆಮೇಲೆ ಎದುರು ಬದಿರು ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಟಾರ್ಕ್ ವ್ರೆಂಚ್, ಅಂದರೆ ಬಿಗಿಯುವ ಬಲ ಅಳೆದು ತೋರಿಸುವ ಸ್ಪ್ಯಾನರ್. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ನಿಮ್ಮ ಕಾರಿನ ಪುಸ್ತಕದಲ್ಲಿರುವ ಅಂಕಿಯೇ ಕೊನೆಯ ಮಾತು.

ಗಾಳಿ, ಮೊದಲ ಕೆಲವು ದಿನ

ಗಾಳಿಯ ಅಂಕಿ ಡ್ರೈವರ್ ಬದಿಯ ಚೌಕಟ್ಟಿನ ಸ್ಟಿಕ್ಕರಿನಲ್ಲಿದೆ. ಟಯರಿನ ಗೋಡೆಯ ಮೇಲೆ ಬರೆದದ್ದು ಅದು ತಡೆದುಕೊಳ್ಳುವ ಗರಿಷ್ಠ, ನೀವು ಹಾಕಿಸಬೇಕಾದದ್ದಲ್ಲ. ಬೆಳಿಗ್ಗೆ, ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸದೆ, ತಣ್ಣಗಿರುವಾಗ ನೋಡಿ. ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿ ಕೊಲ್ಲೂರಿಗೋ ಧರ್ಮಸ್ಥಳಕ್ಕೋ ಹೊರಟರೆ ಅದೇ ಸ್ಟಿಕ್ಕರಿನಲ್ಲಿ ಪೂರ್ಣ ಭಾರಕ್ಕೆ ಬೇರೆ ಅಂಕಿ ಇರುತ್ತದೆ, ಮುಖ್ಯವಾಗಿ ಹಿಂದಿನ ಟಯರಿಗೆ. ಮಳೆಗೆ ಗಾಳಿ ಇಳಿಸಬೇಕು ಎಂಬ ನಂಬಿಕೆ ನಮ್ಮಲ್ಲಿ ಹಲವರಿಗುಂಟು. ತಿರುಗುಮುರುಗು ಮಾತು ಅದು. ಗಾಳಿ ಕಡಿಮೆಯಾದಷ್ಟೂ ಟಯರು ನೀರನ್ನು ಒತ್ತಿ ಸರಿಸುವ ಬಲ ಕಳೆದುಕೊಳ್ಳುತ್ತದೆ, ಕಡಿಮೆ ವೇಗದಲ್ಲೇ ತೇಲುತ್ತದೆ.

ಹೊಸ ಟಯರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಸವರಿದ ಜಾರುವ ಪದರ ಉಳಿದಿರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಮಳೆ ಹಿಡಿಯುವ ಮೊದಲೇ ಹಾಕಿಸಬೇಕು ಎನ್ನುವುದು ಇದಕ್ಕೂ ಹೌದು. ಮೊದಲ ಮಳೆಯ ದಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವರ್ಷವಿಡೀ ಕೂತ ಎಣ್ಣೆ, ಧೂಳು, ಮೀನಿನ ಲಾರಿಗಳು ಸುರಿಸಿದ ನೀರಿನ ಪಸೆ ಎಲ್ಲ ಒಟ್ಟಿಗೆ ತೇಲಿ ಬರುತ್ತದೆ. ಅಂದು ಹೊಸ ಟಯರೂ ಹಳೆಯ ಟಯರೂ ಒಂದೇ, ಮೆಲ್ಲಗೆ ಹೋಗುವುದೊಂದೇ ಉಪಾಯ.

ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಟಾರ್ಕ್ ವ್ರೆಂಚಿನಲ್ಲಿ ನೋಡಿಸಿ. ಬಿಲ್ಲಿನ ಹಿಂದೆ ಆ ದಿನದ ಕಿಲೋಮೀಟರ್ ಮತ್ತು ನಾಲ್ಕೂ ಟಯರಿನ ಆಳ ಬರೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಡಿ. ನನ್ನ ಈಗಿನ ಚೀಟಿಯಲ್ಲಿ ಹಿಂದೆ 7.5, ಮುಂದೆ 4.6 ಎಂದಿದೆ. ಭಾವ ಈಚೆಗೆ ಕಾರು ಹತ್ತುವ ಮೊದಲು ಅದನ್ನು ತೆಗೆದು ಓದಿಯೇ ಸೀಟ್ ಬೆಲ್ಟ್ ಹಾಕುತ್ತಾರೆ.